ನೂರ ಎಂಬತ್ತೇಳನೆಯ ಮನೆ

ತನ್ನ ಮನೆಯಿಂದ ತನ್ನನ್ನೇ ಹೊರಗೆ ಕಳಿಸಿದ ಹುಡುಗಿಯ ಮೇಲೆ ಗಜಾನನನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಳಿಸಬೇಕು ಅಂತ ಅವಳಿಗೆ ಕಲಿಸಿದವನೇ ಅವನು. 'ಉತ್ತರ ಕೊಡೋರ ಕೋಣೆ ಅಂದ್ರೆ ಬಾಣಂತಿ ಕೋಣೆ ಇದ್ದ ಹಾಗೆ ಕಾವ್ಯಾ. ಗಂಡನೇ ಆಗ್ಲಿ ಅತ್ತೆಯೇ ಆಗ್ಲಿ, ಯಾರೂ ಇಣುಕಬಾರದು' ಎಂದು ನಾಲ್ಕು ತಿಂಗಳ ಹಿಂದೆ ಕೊಪ್ಪದಲ್ಲಿ ಸಮೀಕ್ಷೆಯ ತರಬೇತಿಯ ದಿನ ಕೈಬೆರಳೆತ್ತಿ ಹೇಳಿದ್ದ. ಇವತ್ತು ಅದೇ ಕಾವ್ಯ, ಬಸರೀಕಟ್ಟೆಯಿಂದ ಸ್ಕೂಟಿಯಲ್ಲಿ ಬಂದವಳು, ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಅವನ ತಾರಸಿ ಮನೆಯ ಹಾಲ್‌ನಲ್ಲಿ ಕೂತು, 'ಸರ್, ಸ್ವಲ್ಪ ಹೊರಗೆ' ಎಂದು ನಾಚಿಕೊಂಡೇ ಹೇಳಿ, ಅವನು ಚಪ್ಪಲಿ ಮೆಟ್ಟುವಷ್ಟರಲ್ಲಿ ಕಿಟಕಿಯನ್ನೂ ಮುಚ್ಚಿದಳು. ಈಗ ಅವನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಫೆಬ್ರವರಿಯ ಎಳೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಾನೆ. ಒಳಗೆ ಹೆಂಡತಿ ತ್ರಿಪುರಸುಂದರಿ ಇಪ್ಪತ್ತೆಂಟು ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದಾಳೆ. ಇನ್ನು ಮುಕ್ಕಾಲು ಗಂಟೆ ಅವನಿಗೆ ಅಲ್ಲಿ ಜಾಗವಿಲ್ಲ. ಪಕ್ಕದ ಮನೆಯ ಕಲ್ಲಮ್ಮ ಕಾಂಪೌಂಡಿನ ಆಚೆಯಿಂದ ನೋಡಿ, 'ಎಂತ ಮಾರಾಯ್ರೇ, ಬೆಳಿಗ್ಗೇನೇ ಹೊರಗೆ ಹಾಕಿದ್ರಾ?' ಎಂದು ನಕ್ಕಳು. ಅವನೂ ನಕ್ಕ.

ಮೂವತ್ತನಾಲ್ಕು ವರ್ಷ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದವನು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಮಂಗನ ಕಾಯಿಲೆಯ ಲಸಿಕೆಗೆ ಜನರನ್ನು ಅಟ್ಟಿಸಿಕೊಂಡು ಹೋಗಿ, ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾಗದೆ ಒದ್ದಾಡುತ್ತಿದ್ದಾಗ ಮೈಸೂರಿನ ಒಂದು ಸಂಸ್ಥೆಯವರು ಈ ಕೆಲಸ ಕೊಟ್ಟರು. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಮೂರೂ ತಾಲ್ಲೂಕಿನಲ್ಲಿ ಮನೆ ಮನೆಗೆ ಹೋಗಿ ಕೇಳುವುದು: ದೇವರನ್ನು ನಂಬುತ್ತೀರಾ, ಇಲ್ಲವಾ; ನಿದ್ದೆ ಬರುತ್ತದಾ, ಇಲ್ಲವಾ. ಆಮೇಲೆ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವುದು, ಬೆರಳು ಚುಚ್ಚಿ ಶುಗರ್ ನೋಡುವುದು. ನಂಬುವವರ ಆರೋಗ್ಯ ಚೆನ್ನಾಗಿರುತ್ತದೋ ನಂಬದವರದ್ದೋ ಎಂದು ಮೈಸೂರಿನ ಗಂಗಾಧರ್ ಮೇಷ್ಟ್ರಿಗೆ ತಿಳಿಯಬೇಕಂತೆ. ನೂರ ಎಂಬತ್ತಾರು ಮನೆ ಮುಗಿಯಿತು, ದೇವರನ್ನು ನಂಬುತ್ತೀರಾ ಎಂಬ ಹದಿನಾಲ್ಕನೆಯ ಪ್ರಶ್ನೆಗೆ ನೂರ ಎಂಬತ್ತಾರೂ ಹೌದು. 'ಒಂದಾದ್ರೂ ಇಲ್ಲ ಬೇಡ್ವಾ ಸರ್? ಯಾವುದರ ಜೊತೆ ಹೋಲಿಸಿ ನೋಡ್ಲಿ ನಾನು?' ಎಂದು ಗಂಗಾಧರ್ ಫೋನಿನಲ್ಲಿ ಅಳುವುದೊಂದು ಬಾಕಿ. ಗಜಾನನನಿಗೆ ಅದು ತನ್ನದೇ ಸೋಲು ಅನ್ನಿಸುತ್ತಿತ್ತು, ಮಗಳಿಗೆ ಗಂಡು ಹುಡುಕಲಾಗದವನ ಹಾಗೆ.

ಆ ಹದಿನಾಲ್ಕನೆಯ ಪ್ರಶ್ನೆ ಕೇಳುವಾಗ ಅವನು ಕೈಯಲ್ಲಿದ್ದ ಟ್ಯಾಬಿನಿಂದ ಕಣ್ಣೆತ್ತುತ್ತಿರಲಿಲ್ಲ. ಸೀತೂರಿನ ವಾಸಪ್ಪ ದೇವಸ್ಥಾನದ ಮೆಟ್ಟಿಲು ಹತ್ತಿ ನಲವತ್ತು ವರ್ಷವಾಯಿತು ಎಂದು ಊರೆಲ್ಲ ಹೇಳಿದ್ದಕ್ಕೆ ಆಸೆಯಿಂದ ಓಡಿದ್ದ. ವಾಸಪ್ಪ ಗದ್ದೆ ಬದುವಿನ ಮೇಲೆ ಕೂತು ಎಲೆಯಡಿಕೆ ಕವಳ ಹಾಕುತ್ತ ಪ್ರಶ್ನೆಯನ್ನು ಪೂರ್ತಿ ಕೇಳಿ, ಉಗಿದು ಬಂದು, 'ನಂಬೋದು ಎಂತದ್ದು ಮಾರಾಯ್ರೇ? ಅಪ್ಪನ್ನ ನಂಬ್ತೀಯಾ ಅಂತ ಯಾರಾದ್ರೂ ಕೇಳ್ತಾರಾ? ವರ್ಷಕ್ಕೊಂದು ಕೋಳಿ ಚೌಡಿಗೆ ಕೊಡ್ತೇನೆ. ಅವಳ ಪಾಡಿಗೆ ಅವಳು, ನನ್ನ ಪಾಡಿಗೆ ನಾನು' ಎಂದ. ಅದನ್ನು ಇಲ್ಲ ಎನ್ನುವುದು ಹೇಗೆ? ಹೌದು ಒತ್ತಿದ. ಕಡಹಿನಬೈಲಿನ ಶೇಷಮ್ಮನಿಗೆ ಬಿ.ಪಿ. ನೂರ ಎಂಬತ್ತು ಬಂತು. ಮಾತ್ರೆ ತಗೊಂಡಿಲ್ವಾ ಎಂದರೆ 'ಇವತ್ತು ಏಕಾದಶಿ ಅಲ್ದಾ' ಎಂದು ಅವನಿಗೇ ಬುದ್ಧಿ ಹೇಳಿದರು. ಮಾತ್ರೆಗೆ ಯಾವ ಏಕಾದಶಿ ಅಮ್ಮಾ ಎಂದು ರೇಗಿದ. ರೇಗಿದ ಮೇಲೆ, ಆ ಮುದುಕಿ ಬೆಳಿಗ್ಗೆಯಿಂದ ನೀರೂ ಕುಡಿಯದ ಬಾಯಲ್ಲಿ ಅವನಿಗೆ 'ಬಾಳೆಹಣ್ಣಾದ್ರೂ ತಿನ್ನಿ' ಎಂದದ್ದು ನೆನಪಾಗಿ ಬಸ್ಸಿನಲ್ಲಿ ಇಡೀ ದಾರಿ ಮುಖ ಸಣ್ಣದಾಗಿಯೇ ಇತ್ತು. ಕೇಳುವವನ ಮನಸ್ಸಿನಲ್ಲಿ ಏನಿದೆ ಎಂದು ಇವರಿಗೆ ಗೊತ್ತಾದರೆ ಒಳಗೆ ಕರೆಯುತ್ತಿದ್ದರಾ ಎಂದೂ ಅನ್ನಿಸಿತು.

ಏಕೆಂದರೆ ಗಜಾನನ ನಂಬುವುದಿಲ್ಲ. ಇದನ್ನು ಅವನು ಯಾರಿಗೂ ಹೇಳಿದವನಲ್ಲ. ಯಾವಾಗ ಹೋಯಿತು ಎಂದು ಕೇಳಿದರೆ ದಿನ ಹೇಳಲು ಬರುವುದಿಲ್ಲ. ಛತ್ರಿ ಕಳೆದ ಹಾಗೆ, ಬೇಕಾದಾಗ ನೋಡಿದರೆ ಇರಲಿಲ್ಲ, ಅಷ್ಟೆ. ಅಪ್ಪ ಸತ್ತಾಗ, ಅವರು ಪೂಜಿಸುತ್ತಿದ್ದ ದೇವರ ಸಂಪುಟ ಹಿರಿಯವನಾದ ಅವನಿಗೆ ಬರಬೇಕಿತ್ತು. 'ಸರ್ಕಾರಿ ಕೆಲಸ, ಮೂರು ವರ್ಷಕ್ಕೊಂದು ವರ್ಗ, ಮಡಿ ಆಗುವುದಿಲ್ಲ' ಎಂದು ನೆಪ ಹೇಳಿ ಶೃಂಗೇರಿಯ ತಮ್ಮ ಸುಂದರೇಶನಿಗೆ ದಾಟಿಸಿದ. ಸುಂದರೇಶ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡಾಗ ತ್ರಿಪುರಸುಂದರಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಮನೆಗೆ ಬಂದ ಮೇಲೆ ಅಡುಗೆಮನೆಯ ಮೂಲೆಯ ಗೂಡಿನಲ್ಲಿ ಒಂದು ಫೋಟೋ, ಒಂದು ದೀಪ, ಒಂದು ಹಿತ್ತಾಳೆ ಗಂಟೆ ಇಟ್ಟುಕೊಂಡಳು. ಆ ಗೂಡಿನ ಮುಂದೆ ಅವನು ಇವತ್ತಿಗೂ ತಪ್ಪಿತಸ್ಥ. ಗಂಡ ಹೊರಬೇಕಾದದ್ದನ್ನು ಹೆಂಡತಿ ತನ್ನ ಕೈಲಾದಷ್ಟು ಹೊತ್ತಳು ಎಂದು ಅವನ ತಿಳುವಳಿಕೆ.

ಹಾಗಾಗಿ ಮತದಾರರ ಪಟ್ಟಿಯಿಂದ ಚೀಟಿ ಎತ್ತುವ ಹಾಗೆ ಮನೆ ಆರಿಸುವಾಗ ಅವನದೇ ಮನೆ ಬಂದಾಗ, ನೀವು ಮಾಡುವ ಹಾಗಿಲ್ಲ, ಕಾವ್ಯ ಮಾಡಲಿ ಎಂದು ಗಂಗಾಧರ್ ಹೇಳಿದಾಗ, ಅವನಿಗೆ ಒಳಗೊಳಗೇ ಹಬ್ಬ. ಒಂದು ವಾರದಿಂದ ಸ್ನಾನದ ಮನೆಯಲ್ಲಿ ತನ್ನ 'ಇಲ್ಲ' ಅಭ್ಯಾಸ ಮಾಡುತ್ತಿದ್ದ. ಗಟ್ಟಿಯಾಗಿ ಹೇಳಿದರೆ ಜಂಬ ಅನ್ನಿಸುತ್ತಿತ್ತು, ಮೆಲ್ಲಗೆ ಹೇಳಿದರೆ ಕಳ್ಳತನ. ಕೊನೆಗೆ ಮಾಮೂಲು ದನಿಯಲ್ಲಿ, ಸಕ್ಕರೆ ಬೇಕಾ ಎಂದರೆ ಬೇಡ ಎನ್ನುವ ಹಾಗೆ ಹೇಳುವುದೆಂದು ತೀರ್ಮಾನಿಸಿದ್ದ. ಆ ಖುಷಿಯಲ್ಲಿ ತಾನೇ ಕಲಿಸಿದ ನಿಯಮ ಮರೆತಿತ್ತು: ಮನೆಗೆ ಒಬ್ಬರನ್ನೇ ಕೇಳುವುದು, ಯಾರ ಹುಟ್ಟಿದ ದಿನ ಮುಂದೆ ಮೊದಲು ಬರುತ್ತದೋ ಅವರನ್ನು. ಕಾವ್ಯ ಇಬ್ಬರ ತಾರೀಖೂ ಕೇಳಿ ಒತ್ತಿದಳು. ತ್ರಿಪುರಸುಂದರಿಯದ್ದು ಏಪ್ರಿಲ್. ಅವನದ್ದು ಜೂನ್ ಒಂದು. ಶಾಲೆಗೆ ಸೇರಿಸುವಾಗ ಹೆಡ್ ಮಾಸ್ತರರು ಆ ಕಾಲದ ಅರ್ಧ ತಾಲ್ಲೂಕಿನ ಮಕ್ಕಳನ್ನು ಜೂನ್ ಒಂದಕ್ಕೇ ಹುಟ್ಟಿಸಿಬಿಟ್ಟಿದ್ದರು. ನಿಜಕ್ಕೆ ಅವನು ಹುಟ್ಟಿದ್ದು ಫಾಲ್ಗುಣದಲ್ಲಿ, ಹೋಳಿಯ ಮಾರನೆಯ ದಿನ. ಮಾರ್ಚ್ ಆಯಿತು, ಏಪ್ರಿಲ್‌ಗಿಂತ ಮೊದಲೇ. ಬಾಯಿಗೆ ಬಂತು. ಆದರೆ ದಾಖಲೆಯಲ್ಲಿ ಇದ್ದದ್ದೇ ಸರಿ ಎಂದು ಕಲಿಸಿದವನೂ ಅವನೇ ಅಲ್ಲವೇ, ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಬಂದ. ಅಂತೂ ನೂರ ಎಂಬತ್ತೇಳನೆಯದೂ ಹೌದೇ ಹೋಯಿತು ಎಂದುಕೊಂಡ.

ಒಳಗಿಂದ ತ್ರಿಪುರಸುಂದರಿಯ ನಗು ಕೇಳಿಸಿತು, ಮಾತು ಕೇಳಿಸಲಿಲ್ಲ. ಎಷ್ಟು ಹೊತ್ತಿನ ಪೂಜೆ ಎಂದು ಕೇಳುತ್ತಿರಬಹುದು ಈಗ. ಮುಕ್ಕಾಲು ಗಂಟೆ ಅನ್ನುತ್ತಾಳೆ. ಎರಡು ವರ್ಷದ ಹಿಂದಿನವರೆಗೆ ಐದು ನಿಮಿಷದ ದೀಪ ಇದ್ದದ್ದು, ಅವನ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಮುಕ್ಕಾಲು ಗಂಟೆ ಆಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಅವನನ್ನು ಮಲಗಿಸಿ ತಳ್ಳಿಕೊಂಡು ಹೋಗುವಾಗ ತಲೆಯ ಮೇಲೆ ಟ್ಯೂಬ್‌ಲೈಟುಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತಿದ್ದವು, ಬಾಗಿಲ ತನಕ ಪಕ್ಕದಲ್ಲಿ ಬಂದ ಅವಳ ತುಟಿ ಅಲುಗುತ್ತಿತ್ತು. ಲಲಿತಾ ಸಹಸ್ರನಾಮ. ಅವಳ ಹೆಸರಿರುವುದೂ ಅದರಲ್ಲೇ. ಅವನಿಗೆ ಆಗ ಆದದ್ದು ಏನೆಂದು ಈ ಹಿತ್ತಲಲ್ಲಿ ಕೂತು ಮೊದಲ ಸಲ ಸರಿಯಾಗಿ ಯೋಚಿಸಿದ: ಸಮಾಧಾನ. ತನಗೆ ದೇವರಿಲ್ಲ, ಇರಲಿ, ಇವಳಿಗೆ ಇದ್ದಾನಲ್ಲ. ಒಂದು ಮನೆಗೆ ಒಂದು ಬಾವಿ ಸಾಲದೇ. ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಎಂಟಕ್ಕೆ ಪೂಜೆಯ ಗಂಟೆ ಕೇಳುತ್ತದೆ, ಅವನು ಜಗಲಿಯಲ್ಲಿ ಮಾತ್ರೆ ಬಾಯಿಗೆ ಹಾಕಿಕೊಂಡು ಬಲಗೈ ಗುಳಿ ಮಾಡಿ ಚಾಚುತ್ತಾನೆ, ಅವಳು ಉದ್ಧರಣೆಯಲ್ಲಿ ತೀರ್ಥ ಹಾಕುತ್ತಾಳೆ. ಮಾತ್ರೆ ಇಳಿಯುತ್ತದೆ. ಒದ್ದೆ ಕೈಯನ್ನು ಪಂಚೆಗೆ ಒರೆಸಿ ಪೇಪರ್ ಬಿಚ್ಚುತ್ತಾನೆ. ಎರಡು ವರ್ಷದಲ್ಲಿ ಒಂದು ದಿನ ಮಾತ್ರೆ ತಪ್ಪಿದ ನೆನಪಿಲ್ಲ. ಇದಕ್ಕಿಂತ ಸುಖ ಯಾವುದು ಎಂದು ಬಿಸಿಲಲ್ಲಿ ಕಣ್ಣು ಮುಚ್ಚಿದ.

'ಸರ್, ಮುಗೀತು' ಎಂದು ಕಾವ್ಯ ಬಾಗಿಲು ತೆಗೆದಳು. 'ಅಮ್ಮನ ಬಿ.ಪಿ. ನೂರ ಹದಿನೆಂಟು, ಎಪ್ಪತ್ತಾರು. ನಂಗೂ ಅಷ್ಟು ಚೆನ್ನಾಗಿಲ್ಲ!' ಅವನಿಗೆ ಹೆಮ್ಮೆಯಾಯಿತು. ನೋಡು, ನಂಬಿಕೆ ಇದ್ದವರ ರಕ್ತ ಹೇಗೆ ತಣ್ಣಗೆ ಹರಿಯುತ್ತದೆ. ತ್ರಿಪುರಸುಂದರಿ ಇಬ್ಬರಿಗೂ ಕಡುಬು ಹಾಕಿ, 'ಪಾಪ, ಕೂಸು ಬೆಳಿಗ್ಗೆ ಎಂತ ತಿಂದು ಹೊರಟಿತ್ತೋ' ಎಂದಳು. ಕಾವ್ಯ ಅವಳನ್ನು ಒಂದು ಥರ ನೋಡಿದಳು, ಅವನನ್ನು ನೋಡಲಿಲ್ಲ, ಮೂರನೆಯ ಕಡುಬಿಗೆ ಬೇಡ ಅನ್ನಲಿಲ್ಲ.

ಮಧ್ಯಾಹ್ನ ಮೂರಕ್ಕೆ ಅವನ ಟ್ಯಾಬ್ ಕುಂಯ್‌ಗುಟ್ಟಿತು. ಮೇಲ್ವಿಚಾರಕನಾದ ಅವನಿಗೆ ಉಳಿದವರ ಉತ್ತರಗಳು ಕಾಣುವುದಿಲ್ಲ, ಯಂತ್ರಕ್ಕೆ ಅನುಮಾನ ಬಂದದ್ದು ಮಾತ್ರ ಕೆಂಪಾಗಿ ಬರುತ್ತದೆ. ಒಬ್ಬರ ವಯಸ್ಸು ಇನ್ನೂರು ಎಂದು ಬಿದ್ದರೆ, ಗಂಡಸು ಬಸುರಿ ಎಂದು ಬಿದ್ದರೆ ಅವನು ತಿದ್ದಬೇಕು. ಕನ್ನಡಕ ಹಾಕಿಕೊಂಡು ನೋಡಿದ. ಫಾರಂ ನೂರ ಎಂಬತ್ತೇಳು. ಪ್ರಶ್ನೆ ಹದಿನಾಲ್ಕು, ದೇವರನ್ನು ನಂಬುತ್ತೀರಾ: ಇಲ್ಲ. ಪ್ರಶ್ನೆ ಹದಿನೇಳು, ಪ್ರತಿದಿನ ಪೂಜೆ: ಹೌದು, ನಲವತ್ತೈದು ನಿಮಿಷ. ಎರಡೂ ಒಟ್ಟಿಗೆ ಹೊಂದುವುದಿಲ್ಲ, ಪರಿಶೀಲಿಸಿ.

ಅಡುಗೆಮನೆಯಲ್ಲಿ ಅವಳು ಹಾಡಿಕೊಂಡು ಹಲಸಿನ ಹಪ್ಪಳದ ಡಬ್ಬಿ ಒರೆಸುತ್ತಿದ್ದಳು. ಗಜಾನನನಿಗೆ ಕುಳಿತಲ್ಲೇ ಕೆಳಗಿನ ಮಣೆ ಎಳೆದ ಹಾಗಾಯಿತು. ಮೊದಲು ಬಂದದ್ದು ಸಣ್ಣ ಹೊಟ್ಟೆಕಿಚ್ಚು, ನಾಚಿಕೆಯಾಗುವಂಥದು: ಅದು ತನ್ನ ಇಲ್ಲ, ಅಭ್ಯಾಸ ಮಾಡಿದವನು ತಾನು, ಇವಳು ಅಭ್ಯಾಸವಿಲ್ಲದೆಯೇ ಹೇಳಿಬಿಟ್ಟಳು. ಅದು ಇಳಿದ ಮೇಲೆ ಭಯ ಬಂತು. ಹಾಗಾದರೆ ಆಸ್ಪತ್ರೆಯ ಬಾಗಿಲಲ್ಲಿ ಆ ತುಟಿಗಳು ಯಾರಿಗೆ ಹೇಳುತ್ತಿದ್ದವು? ಮದುವೆಯಾದ ಈ ಮೂವತ್ತೊಂದು ವರ್ಷ ತಾನು ಆರಾಮಾಗಿ ನಂಬದೇ ಇದ್ದದ್ದು ಯಾವ ಧೈರ್ಯದ ಮೇಲೆ? ಇವಳು ನಂಬಿದ್ದಾಳೆ ಎಂಬ ಧೈರ್ಯದ ಮೇಲೆ. ತಾನು ಇಲ್ಲ ಎಂದು ಬೀಗುತ್ತಿದ್ದದ್ದು ಇವಳ ಹೌದಿನ ಚಾವಣಿಯ ಕೆಳಗೆ ಕೂತು. ಈಗ ತಲೆಯೆತ್ತಿದರೆ ಮೇಲೆ ಏನೂ ಇಲ್ಲ, ಬರೀ ಆಕಾಶ. ಸಂಸ್ಥೆಯ ಬಿ.ಪಿ. ಯಂತ್ರ ಚೀಲದಲ್ಲೇ ಇತ್ತು. ಬಾಗಿಲು ಓರೆ ಮಾಡಿ, ಕಳ್ಳನ ಹಾಗೆ ತೋಳಿಗೆ ಪಟ್ಟಿ ಸುತ್ತಿಕೊಂಡ. ನೂರ ಅರವತ್ತನಾಲ್ಕು, ತೊಂಬತ್ತೆಂಟು. ಎರಡು ವರ್ಷದಲ್ಲಿ ಇಷ್ಟು ಕಂಡದ್ದಿಲ್ಲ.

ಅಷ್ಟರಲ್ಲಿ ಗಂಗಾಧರ್ ಫೋನು. 'ಗಜಾನನ ಸರ್, ಒಂದು ಇಲ್ಲ ಬಂತು ಅಂತ ಕುಣೀತಿದ್ದೆ, ನೋಡಿದ್ರೆ ದಿನಾ ಪೂಜೆ ಮಾಡೋರು! ಆ ಹುಡುಗಿ ಕೈ ತಪ್ಪಿ ಒತ್ತಿರ್ಬೇಕು. ನಿಮ್ಮ ಲಾಗಿನ್‌ನಲ್ಲಿ ಹೌದು ಅಂತ ತಿದ್ದಿ ಕಳಿಸಿಬಿಡಿ. ನಾಳೆ ಹತ್ತು ಗಂಟೆಗೆ ಈ ಕಂತು ಮುಚ್ತೇವೆ.' ಫಾರಂನಲ್ಲಿ ಇರುವುದು ಸಂಖ್ಯೆ ಮಾತ್ರ, ಅದು ಯಾರ ಮನೆ ಎಂದು ಅವರಿಗೆ ಕಾಣುವುದಿಲ್ಲ. ಅವನು ಹ್ಞಾಂ ಎಂದ. ಕಾವ್ಯ ತಪ್ಪು ಒತ್ತುವವಳಲ್ಲ, ಪ್ರತಿ ಉತ್ತರವನ್ನೂ ಎರಡು ಸಲ ಓದಿ ಹೇಳುತ್ತಾಳೆ, ಹಾಗೆ ಕಲಿಸಿದವನು ಅವನೇ. ಬೆರಳು ಗಾಜಿನ ಮೇಲೆ ಹೋಯಿತು. ಒಂದು ಸಲ ತಟ್ಟಿದರೆ ಸಾಕು, ಇವಳು ನಂಬಿದವಳಾಗುತ್ತಾಳೆ. ಚಾವಣಿ ವಾಪಸ್ಸು ಬರುತ್ತದೆ. ಮೈಸೂರಿನವರೂ ಅದನ್ನೇ ಕೇಳುತ್ತಿದ್ದಾರೆ, ತಪ್ಪೆಂದರೆ ಯಾರು ನಂಬುತ್ತಾರೆ? ಬೆರಳು ಅಲ್ಲೇ ನಿಂತಿತು. ಮನೆಯವರನ್ನು ಕೇಳದೆ ಬರೆದದ್ದಕ್ಕೆ ಅವನು ಇಲಾಖೆಯಲ್ಲಿ ಇಬ್ಬರಿಗೆ ನೋಟಿಸ್ ಕೊಡಿಸಿದ್ದವನು. ಕೇಳುವುದಂತೂ ಆಗದು: ಆ ಉತ್ತರ ಬಾಣಂತಿ ಕೋಣೆಯದು, ಅವನು ಇಣುಕಿಬಿಟ್ಟಿದ್ದಾನೆ ಅಷ್ಟೆ. ಸಂಜೆಯೆಲ್ಲ ಅವಳು ಹೇಳಿದ್ದಕ್ಕೆಲ್ಲ ಹ್ಞೂಂ ಹ್ಞೂಂ ಎಂದ. 'ಬಿಸಿಲಲ್ಲಿ ಕೂತು ಪಿತ್ತ ಆಗಿದೆ ನಿಮಗೆ' ಎಂದು ಅವಳು ಕೋಕಂ ಶರಬತ್ತು ಮಾಡಿ ಕೊಟ್ಟಳು.

ಬೆಳಿಗ್ಗೆ ಜಗಲಿಯಲ್ಲಿ ಕೂತ. ಒಳಗೆ ಸಹಸ್ರನಾಮ ನಡೆದಿತ್ತು, ಎಂದಿನ ದನಿ, ಎಂದಿನ ಓಟ. ಎಲ್ಲಿ ಉಸಿರು ತಗೊಳ್ಳುತ್ತಾಳೆ ಎಂದು ಅವನಿಗೆ ಗೊತ್ತು. ಒಂದೇ ಒಂದು ಕಡೆ ದನಿ ಬೇರೆಯಾಗಿ ಕೇಳಬಹುದು ಎಂದು ಕಾದ, ಆಗಲಿಲ್ಲ. ಎಂಟಕ್ಕೆ ಗಂಟೆ ಹೊಡೆಯಿತು. ಕೈ ತನ್ನಷ್ಟಕ್ಕೇ ಮಾತ್ರೆಯ ಶೀಟು ಒತ್ತಿತು, ಮಾತ್ರೆ ನಾಲಿಗೆಯ ಮೇಲೆ ಬಂತು, ಬಲಗೈ ಗುಳಿಯಾಗಿ ಚಾಚಿತು. ತ್ರಿಪುರಸುಂದರಿ ಪಂಚಪಾತ್ರೆ ಹಿಡಿದು ಬಂದು ತೀರ್ಥ ಹಾಕಿದಳು. ಕುಡಿದ. ನುಂಗಿದ. ಆಮೇಲೆ, ಪಂಚಪಾತ್ರೆಯ ತುಳಸಿಯನ್ನು ನೋಡುತ್ತ, 'ಸುಂದರೀ, ಇಷ್ಟು ಹೊತ್ತು ಪೂಜೆ ಎಂತಕ್ಕೆ ಮಾಡ್ತೀಯ?' ಎಂದ. ಹದಿನಾಲ್ಕನೆಯ ಪ್ರಶ್ನೆ ಕೇಳಲಿಲ್ಲ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡ.

'ಮಾತ್ರೆ ಮರೀತೀರಲ್ಲ, ಅದಕ್ಕೆ' ಎಂದಳು ಅವಳು.

ಅವನಿಗೆ ಅರ್ಥವಾಗಲಿಲ್ಲ.

'ಮಂಗಳೂರಿಂದ ಬಂದ ಮೊದಲ ವಾರ ಎಷ್ಟು ಸಲ ಮರೆತ್ರಿ? ಡಬ್ಬಿ ಮೇಲೆ ಬರೆದಿಟ್ಟೆ, ಕ್ಯಾಲೆಂಡರಿಗೆ ಗುರುತು ಹಾಕಿದೆ, ಆಗ್ಲಿಲ್ಲ. ಆದ್ರೆ ಗಂಟೆ ಕೇಳಿದ್ರೆ ಸಾಕು, ಎಲ್ಲಿದ್ರೂ ಬಂದು ಕೈ ಚಾಚ್ತೀರಿ. ಮಾವ ಚಿಕ್ಕಂದಿನಿಂದ ಹಾಕಿದ ಅಭ್ಯಾಸ. ಗಂಟೆ ಸರಿಯಾಗಿ ಎಂಟಕ್ಕೇ ಬಾರಿಸ್ಬೇಕು ಅಂದ್ರೆ ನಾನು ಏಳೂಕಾಲಕ್ಕೆ ಕೂರ್ಬೇಕು. ಸುಮ್ನೆ ಎಂತ ಕೂರೋದು? ಹೇಳ್ಕೊಳ್ತೇನೆ. ಅಜ್ಜಿ ಬಾಯಿಪಾಠ ಮಾಡ್ಸಿದ್ದು, ಬಾಯಿಗೆ ರುಚಿ. ಅಷ್ಟು ಹೊತ್ತು ಯಾರೂ ಕರೆಯೋದೂ ಇಲ್ಲ.' ಅವನ ಮುಖ ನೋಡಿ, 'ನೋಡಿದ್ರಿ ಅಲ್ದಾ ಫಾರಂ?' ಎಂದಳು.

ಸುಳ್ಳು ಹೇಳಬಹುದಿತ್ತು. 'ಯಂತ್ರ ಕಳಿಸ್ತು' ಎಂದ. 'ಆಸ್ಪತ್ರೆಲಿ... ಅವತ್ತು ಬಾಗಿಲ ಹತ್ರ ಹೇಳ್ತಿದ್ದೆಯಲ್ಲ?'

'ಬೇರೆ ಎಂತ ಮಾಡ್ಬೇಕಿತ್ತು? ನಿಮ್ಮನ್ನ ಒಳಗೆ ತಗೊಂಡು ಹೋದ್ರು. ನಂಗೆ ದೇವರ ನೆನಪೇ ಆಗ್ಲಿಲ್ಲ ಮಾರಾಯ್ರೇ. ಸಾವಿರ ಹೆಸರು ಹೇಳಿದೆ, ಸಾವಿರಕ್ಕೂ ನಿಮ್ಮ ಮುಖವೇ ಬಂತು.' ಅವಳು ಹೇಳಿದ್ದು ಮಾಮೂಲು ದನಿಯಲ್ಲಿ, ಅವನು ಒಂದು ವಾರ ಅಭ್ಯಾಸ ಮಾಡಿದರೂ ಬಾರದಿದ್ದ ದನಿಯಲ್ಲಿ. ಗಜಾನನನ ಕಣ್ಣಿಗೆ ನೀರು ಬಂತು. ಯಾರಿಗೆ ಹೇಳುತ್ತಿದ್ದಳು ಎಂದು ಇಡೀ ರಾತ್ರಿ ಹೊರಳಿದ್ದನಲ್ಲ ಪೆದ್ದ.

'ನಂಗೂ ಇಲ್ಲ' ಎಂದ. ಅಂತೂ ಹೇಳಿದ.

'ಗೊತ್ತು.'

'ಯಾವಾಗಿಂದ?'

'ಮದುವೆಯಾಗಿ ಒಂದು ವಾರಕ್ಕೇ. ತೀರ್ಥ ತಗೊಂಡ ಕೈ ಎಲ್ಲರೂ ತಲೆಗೆ ಒರೆಸ್ಕೊಳ್ತಾರೆ, ನೀವು ಪಂಚೆಗೆ ಒರೆಸ್ತೀರಿ.'

ಅವನು ತನ್ನ ಪಂಚೆ ನೋಡಿಕೊಂಡ. ಬಲತೊಡೆಯ ಮೇಲೆ ಈಗಷ್ಟೇ ಒರೆಸಿದ ಒದ್ದೆ ಕಲೆ, ನಾಲ್ಕು ಬೆರಳಿನ ಅಚ್ಚು. ಮೂವತ್ತೊಂದು ವರ್ಷ ಗುಟ್ಟು ಎಂದು ಕಾಪಾಡಿಕೊಂಡು ಬಂದದ್ದನ್ನು ದಿನಾ ಬೆಳಿಗ್ಗೆ ಇವಳೆದುರೇ ಒರೆಸುತ್ತಿದ್ದೆನಲ್ಲ ಎಂದು ನಗು ಬಂತು, ತಡೆಯಲಾಗದ ನಗು. ಅವಳೂ ನಕ್ಕಳು. ನಗುತ್ತಲೇ ಟ್ಯಾಬ್ ಎತ್ತಿಕೊಂಡು, ಕೆಂಪು ಗುರುತಿನ ಕೆಳಗಿನ ಚೌಕದಲ್ಲಿ ಬರೆದ: ಪರಿಶೀಲಿಸಲಾಗಿದೆ. ತಪ್ಪಿಲ್ಲ. ಎರಡೂ ಉತ್ತರ ಸರಿ. ಕಳಿಸಿದ. ಗಂಗಾಧರ್ ಹೋಲಿಸಿ ನೋಡಲಿ, ಏನು ಬೇಕಾದರೂ ಹೋಲಿಸಿಕೊಳ್ಳಲಿ.

'ಹಾಗಾದ್ರೆ ನಾಳೆಯಿಂದ ಗಂಟೆ ಬೇಡ ಅಲ್ದಾ?' ಎಂದಳು ತ್ರಿಪುರಸುಂದರಿ. 'ಇಬ್ಬರಿಗೂ ಇಲ್ಲ ಅಂದ್ಮೇಲೆ ಎಂತಕ್ಕೆ? ಫೋನಲ್ಲಿ ಅಲಾರಂ ಇಟ್ಕೊಳ್ಳಿ.'

ಗಜಾನನನಿಗೆ ಕಣ್ಣೆದುರು ಬಂತು: ಎಂಟು ಗಂಟೆಯ ಬೆಳಗೊಂದು, ಗಂಟೆಯಿಲ್ಲದೆ, ಈ ಜಗಲಿಯಲ್ಲಿ, ಒಣಗಿದ ಅಂಗೈ. 'ಬೇಡ ಬೇಡ' ಎಂದ ಅವಸರದಲ್ಲಿ. 'ಅಲಾರಂ ತೀರ್ಥ ಕೊಡ್ತದಾ?'

ಅವಳು ಪಂಚಪಾತ್ರೆ ಮತ್ತೆ ಎತ್ತಿಕೊಂಡಳು. ಗೇಟಿನ ಆಚೆ ಶಿವಮೊಗ್ಗದ ಬಸ್ಸು ಹಾರ್ನ್ ಹಾಕಿತು. 'ಹ್ಞೂಂ, ಕೈ ಕೊಡಿ' ಎಂದು ಇನ್ನೊಂದು ಉದ್ಧರಣೆ ಹಾಕಿದಳು. ಕುಡಿದ. ಒದ್ದೆ ಕೈ ಮೇಲೇಳಲೂ ಇಲ್ಲ, ತೊಡೆಗೆ ಇಳಿಯಲೂ ಇಲ್ಲ, ನಡುವೆ ಒಂದು ಕ್ಷಣ ನಿಂತಿತು. ಆಮೇಲೆ ಅವನು ಅದನ್ನು ಅವಳ ಸೆರಗಿಗೆ ಒರೆಸಿದ.

'ಥೂ! ಮಡಿ ಸೀರೆ ಮಾರಾಯ್ರೇ!' ಎಂದು ಅವಳು ಕೂಗಿಕೊಂಡು ಹಿಂದೆ ಸರಿದಳು.